ನೆತ್ತಿಯ ಮೇಲೆ ಬೆರಳಿಟ್ಟವರು

ಡಾಕ್ಟರಮ್ಮನ ಎಡಗಿವಿಯ ಒಳಗಿನ ಅಂಚು ಯಾವಾಗಲೂ ಕೆಂಪಗೆ, ಸ್ವಲ್ಪ ಜಡ್ಡುಗಟ್ಟಿದ ಹಾಗಿರುತ್ತಿತ್ತು. ಆಪರೇಷನ್ ಟೇಬಲ್ಲಿನ ಮೇಲೆ ಮಲಗಿಸಿದ ಎಳೆಗೂಸಿನ ಎದೆಗೆ ಒಂದು ಬಿಲ್ಲೆ ಅಂಟಿಸಿ, ಅದರಿಂದ ಹೊರಟ ರಬ್ಬರ್ ಕೊಳವೆಯ ತುದಿಯನ್ನು ಆ ಕಿವಿಗೆ ಸಿಕ್ಕಿಸಿಕೊಂಡು ಗಂಟೆಗಟ್ಟಲೆ ನಿಂತಿರುತ್ತಿದ್ದರು. ಮಗುವಿನ ಎದೆಬಡಿತ ಅವರೊಬ್ಬರಿಗೇ ಕೇಳುತ್ತಿತ್ತು. ಹೊರಗೆ ಯಾರಾದರೂ ಮಾತಾಡಿಸಿದಾಗಲೂ ಮುಖವನ್ನು ಎಡಕ್ಕೆ ತಿರುಗಿಸಿ ಬಲಗಿವಿಯನ್ನೇ ಕೊಡುವುದು ಅವರಿಗೆ ರೂಢಿಯಾಗಿಬಿಟ್ಟಿತ್ತು. ಮೊದಲ ಸಲ ನೋಡಿದವರಿಗೆ ಅದು ಅಸಡ್ಡೆಯಂತೆ ಕಾಣುತ್ತಿತ್ತು. ನನಗೂ ಹಾಗೇ ಕಂಡಿತ್ತು.

ಅರವತ್ತರ ದಶಕದ ನಡುವಿನ ಮಾತು. ನಮ್ಮವರಿಗೆ ಬ್ಯಾಂಕಿನಲ್ಲಿ ಕೆಲಸ. ಮೈಸೂರಿನಿಂದ ಎರ್ನಾಕುಲಕ್ಕೆ ವರ್ಗವಾಗಿ ಬಂದು ವರ್ಷ ತುಂಬುವುದರೊಳಗೆ ನನಗೆ ಮೊದಲ ಹೆರಿಗೆಯಾಯಿತು. ತವರಿನಲ್ಲಿ ಬಾಣಂತನ ಮಾಡಲು ತಾಯಿಯಿರಲಿಲ್ಲ. ಅಲ್ಲಿ ಅಕ್ಕನಿಗೆ ಚೇಚಿ ಅನ್ನುತ್ತಾರೆ; ಪಕ್ಕದ ಮನೆಯ ಚೇಚಿಯೇ ಎಣ್ಣೆ ಕಾಯಿಸಿ, ಮಗುವಿಗೆ ನೀರೆರೆದು, ನನಗೆ ಗಂಜಿ ಕೊಟ್ಟವಳು. ಅವಳ ಗಂಡನಿಗೆ ಅಂಬಲಮುಗಳ್‌ನ ಎಣ್ಣೆ ಕಾರ್ಖಾನೆಯಲ್ಲಿ ಕೆಲಸ. ಅವಳ ಮಲಯಾಳ ನನಗೆ ಅರ್ಧ ತಿಳಿಯುತ್ತಿತ್ತು, ನನ್ನ ಕನ್ನಡ ಅವಳಿಗೆ ಅಷ್ಟೂ ಇಲ್ಲ. ಆದರೂ ಮಗಳಿಗೆ ಏನೋ ಆಗಿದೆ ಎಂದು ಮೊದಲು ಗುರುತಿಸಿದ್ದು ಅವಳೇ.

ಮೂರು ವಾರ ಚೆನ್ನಾಗಿಯೇ ಇದ್ದ ಮಗು ಕುಡಿದ ಹಾಲನ್ನೆಲ್ಲ ವಾಂತಿ ಮಾಡತೊಡಗಿತು. ಸಾಮಾನ್ಯ ಕಕ್ಕುವಿಕೆಯಲ್ಲ, ಪಿಚಕಾರಿಯಿಂದ ಹಾರಿದಂತೆ ದೂರಕ್ಕೆ ಹೋಗಿ ಬೀಳುತ್ತಿತ್ತು. ವಾಂತಿಯಾದ ಮರುಕ್ಷಣವೇ ಹಸಿವಿನಿಂದ ಮತ್ತೆ ಬಾಯಿ ಹುಡುಕುವುದು, ಕುಡಿಯುವುದು, ಮತ್ತೆ ವಾಂತಿ. ಒಂದು ಬೆಳಿಗ್ಗೆ ಚೇಚಿ ಎಣ್ಣೆ ಹಚ್ಚುತ್ತಿದ್ದವಳು ಕೈ ನಿಲ್ಲಿಸಿ, ನನ್ನ ಬೆರಳನ್ನು ಹಿಡಿದು ಮಗುವಿನ ನೆತ್ತಿಯ ಮೇಲಿಟ್ಟಳು. ಅಲ್ಲಿ ಗುಳಿ ಬಿದ್ದಿತ್ತು, ಚಮಚದ ಬೆನ್ನಿನಿಂದ ಒತ್ತಿದ ಹಾಗೆ.

ಎರ್ನಾಕುಲದ ಡಾಕ್ಟರು ಹೊಟ್ಟೆಯನ್ನು ಒತ್ತಿ ನೋಡಿ, ಜಠರದ ಕೆಳಬಾಯಿ ದಪ್ಪಗಾಗಿ ಮುಚ್ಚಿಕೊಂಡಿದೆ, ಹಾಲು ಕೆಳಗೆ ಇಳಿಯುತ್ತಿಲ್ಲ, ಆಪರೇಷನ್ ಆಗಲೇಬೇಕು ಎಂದರು. "ಕುಯ್ಯುವವರು ಇಲ್ಲೂ ಇದ್ದಾರೆ. ಇಷ್ಟು ಚಿಕ್ಕ ಮಗುವನ್ನು ಮಲಗಿಸಿ ಮತ್ತೆ ಎಬ್ಬಿಸಬೇಕಲ್ಲ, ಅದಕ್ಕೆ ನೀವು ತಿರುವನಂತಪುರಕ್ಕೆ ಹೋಗಿ" ಎಂದರು. ಅಂದೇ ರೈಲು ಹತ್ತಿದೆವು. ದಾರಿಯುದ್ದಕ್ಕೂ ನಾನು ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಾ ಕೂತಿದ್ದೆ.

ಆ ದೊಡ್ಡ ಆಸ್ಪತ್ರೆಯಲ್ಲಿ ಸರ್ಜನ್ ಮಗುವನ್ನು ನೋಡಿದ ತಕ್ಷಣ ಮರುದಿನ ಬೆಳಿಗ್ಗೆಯೇ ಆಪರೇಷನ್ ಮಾಡೋಣ ಎಂದರು. ನನಗೆ ಜೀವ ಬಂದಂತಾಯಿತು. ಅಷ್ಟರಲ್ಲಿ ಬಿಳಿ ಸೀರೆಯ ಮೇಲೆ ಕೋಟು ಹಾಕಿದ, ನಲವತ್ತರ ಆಸುಪಾಸಿನ ಕುಳ್ಳನೆಯ ಹೆಂಗಸು ಒಳಗೆ ಬಂದರು. ಅರಿವಳಿಕೆ ಕೊಡುವ ಡಾಕ್ಟರು ಎಂದು ನರ್ಸ್ ಹೇಳಿದಳು. ಅವರು ಎರಡು ಅಂಗೈಗಳನ್ನೂ ಉಜ್ಜಿ ಬಿಸಿ ಮಾಡಿಕೊಂಡು, ಮಗುವಿನ ನೆತ್ತಿಯ ಮೇಲೆ ಎರಡು ಬೆರಳಿಟ್ಟು, ಕಣ್ಣು ಮುಚ್ಚಿ ನಿಂತರು. ಆಮೇಲೆ ತೊಡೆಯ ಚರ್ಮವನ್ನು ಚಿವುಟಿ ಬಿಟ್ಟರು. ಚಿವುಟಿದ ಮಡಿಕೆ ಹಾಗೇ ನಿಂತಿತು. ಸರ್ಜನ್ ಜೊತೆ ಬಾಗಿಲಾಚೆ ಹೋದರು. ಇಂಗ್ಲಿಷಿನಲ್ಲಿ ಏರುದನಿ ಕೇಳಿಸಿತು. ಆ ದನಿ ಸರ್ಜನ್‌ರದು. ಡಾಕ್ಟರಮ್ಮನ ಕಡೆಯಿಂದ ಒಂದೇ ಶಬ್ದ ಮತ್ತೆ ಮತ್ತೆ ಬರುತ್ತಿತ್ತು: "ನೋ."

ಹೊರಗೆ ಬಂದವರ ಎದುರಿಗೆ ನಾನು ಕೈಮುಗಿದು ನಿಂತೆ. ಗಾಬರಿಯಲ್ಲಿ ನನ್ನ ಬಾಯಿಂದ ಕನ್ನಡವೇ ಬಂತು. "ಡಾಕ್ಟ್ರೇ, ಮಗು ಹಸಿದು ಸಾಯ್ತಾ ಇದೆ. ನಾಳೆಯೇ ಮಾಡಿಬಿಡಿ."

ಅವರು ಬಲಗಿವಿ ತಿರುಗಿಸಿದರು. "ಕನ್ನಡದವರಾ? ನಮ್ಮದು ಕಾಸರಗೋಡು" ಎಂದರು. ಮುಖದಲ್ಲಿ ನಗುವಿರಲಿಲ್ಲ. "ನೋಡಿ ಅಮ್ಮ, ವಾಂತಿಯಲ್ಲಿ ನೀರು ಮಾತ್ರ ಅಲ್ಲ, ರಕ್ತದ ಉಪ್ಪಿನಂಶವೂ ಹೋಗಿಯಾಗಿದೆ. ಈಗ ಇವಳನ್ನು ಮಲಗಿಸಿದರೆ ಆಪರೇಷನ್ ಮುಗೀಬಹುದು, ಆದರೆ ಇವಳು ಉಸಿರಾಡ್ಲಿಕ್ಕೆ ಮರೀಬಹುದು. ಹೊಟ್ಟೆ ಎರಡು ದಿನ ಕಾಯ್ತದೆ, ಉಸಿರು ನಿಂತರೆ ಮೆದುಳು ಕಾಯುದಿಲ್ಲ. ಡ್ರಿಪ್ ಹಾಕುವ. ನೆತ್ತಿ ತುಂಬಿ ಬರ್ಲಿ. ಆಮೇಲೆ ನೋಡುವ."

"ನೋಡುವ" ಎಂಬುದು ಅವರ ಮಾತು. ಒಳ್ಳೆಯದಕ್ಕೂ ಅದೇ, ಕೆಟ್ಟದ್ದಕ್ಕೂ ಅದೇ. ಆ ದಿನ ನನಗೆ ಆ ಮಾತು ಕೇಳಿ ಮೈಯೆಲ್ಲ ಉರಿಯಿತು.

ಮಗುವಿನ ಕೈಕಾಲುಗಳಲ್ಲಿ ನರ ಸಿಗದೆ, ತಲೆಯ ಒಂದು ಪಕ್ಕದ ಕೂದಲು ಬೋಳಿಸಿ ಅಲ್ಲಿ ಸೂಜಿ ಚುಚ್ಚಿದರು. ಹಾಲು ಕೊಡಕೂಡದು ಎಂದರು. ಎದೆ ಕಟ್ಟಿಕೊಂಡು ನೋಯುತ್ತಿದ್ದರೂ ಮಗುವಿಗೆ ಕೊಡುವ ಹಾಗಿಲ್ಲದೆ ಗೋಡೆಗೆ ಮುಖಮಾಡಿ ಕೂರುತ್ತಿದ್ದೆ. ಡಾಕ್ಟರಮ್ಮ ದಿನಕ್ಕೆ ಎಷ್ಟೋ ಸಲ ಬಂದು ನೆತ್ತಿ ಮುಟ್ಟಿ ಹೋಗುತ್ತಿದ್ದರು. ಎರಡನೆಯ ದಿನ ಸಂಜೆ ನನ್ನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು ವಿಚಿತ್ರವಾದೊಂದು ಪ್ರಶ್ನೆ ಕೇಳಿದರು.

"ಇವಳು ನಿದ್ದೆಯಿಂದ ಏಳುವಾಗ ಎಂತ ಮಾಡ್ತಾಳೆ?"

"ಅಳ್ತಾಳೆ."

"ಅಳುವುದಕ್ಕೆ ಮೊದಲು?"

ಯೋಚಿಸಿದೆ. "ಹುಬ್ಬು ಗಂಟು ಹಾಕ್ತಾಳೆ. ಆಕಳಿಸ್ತಾಳೆ. ಆಮೇಲೆ ಬಲಗೈ ಮುಷ್ಟಿ ಬಾಯಿಗೆ ತಂದ್ಕೋತಾಳೆ."

"ಯಾವಾಗ್ಲೂ ಬಲಗೈಯಾ?"

"ಹೌದು, ಅದೇ."

"ಒಳ್ಳೆಯದಾಯ್ತು" ಎಂದು ಎದ್ದರು. "ನಾನು ನಿದ್ದೆ ಕೊಡುವ ಮಗು ಯಾರು ಅಂತ ನನಗೆ ಗೊತ್ತಿರಬೇಕಲ್ಲ. ಇಲ್ಲದಿದ್ರೆ ಎದ್ದದ್ದು ಅವಳೇ ಅಂತ ಹೇಗೆ ಹೇಳುದು?"

ಮರುದಿನ ಬೆಳಿಗ್ಗೆ ನೆತ್ತಿ ಮುಟ್ಟಿ, "ಬಂತು, ಇವತ್ತು ಆಗ್ತದೆ" ಎಂದರು. ಮಗುವಿನ ಕೈಕಾಲುಗಳಿಗೆ ಹತ್ತಿ ಸುತ್ತಿ, ತಾವೇ ಎತ್ತಿಕೊಂಡು ಒಳಗೆ ಹೋದರು. ಬೇರೆ ಯಾರಿಗೂ ಕೊಡಲಿಲ್ಲ.

ನಾವಿಬ್ಬರೂ ಉದ್ದನೆಯ ಓಣಿಯ ಬೆಂಚಿನ ಮೇಲೆ ಕೂತೆವು. ನಮ್ಮವರು ಹಿಂದಿನ ಸಂಜೆ ಚಾಲೈ ಪೇಟೆಯಿಂದ ತಂದಿದ್ದ ಹೊಸ ಫ್ಲಾನೆಲ್ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಅದರ ಅಂಚನ್ನು ಒಂದೇ ಸಮನೆ ಸವರುತ್ತಿದ್ದರು. ಒಮ್ಮೆ ನರ್ಸ್ ಒಬ್ಬಳು ಓಡುತ್ತಾ ಬಂದು, ಬಿಸಿನೀರಿನ ಚೀಲ ತೆಗೆದುಕೊಂಡು ಓಡುತ್ತಲೇ ಒಳಗೆ ಹೋದಳು. ನಾನು ಎದ್ದು ನಿಂತೆ. ನಮ್ಮವರು ನನ್ನ ಸೆರಗು ಹಿಡಿದು ಕೂರಿಸಿದರು.

ಸರ್ಜನ್ ಹೊರಬಂದು, ಎಲ್ಲ ಸರಿಯಾಗಿದೆ, ಸಂಜೆ ಸಕ್ಕರೆ ನೀರು ಕೊಡಬಹುದು ಎಂದು ಹೇಳಿ ಹೋದರು. ನಾನು ಅತ್ತೇಬಿಟ್ಟೆ. ನಮ್ಮವರು ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದರು. ತುಂಬ ಹೊತ್ತಿನ ಮೇಲೆ ಡಾಕ್ಟರಮ್ಮ ಬಂದರು. ಬಂದವರು ನಮ್ಮ ಬೆಂಚಿನ ಮೇಲೇ, ನನ್ನ ಪಕ್ಕದಲ್ಲಿ ಕೂತರು. ಆ ಕಾಲದಲ್ಲಿ ಡಾಕ್ಟರುಗಳು ಹಾಗೆ ಕೂರುತ್ತಿರಲಿಲ್ಲ.

"ಮಗು ಉಸಿರಾಡ್ತಾ ಉಂಟು. ಆಪರೇಷನ್ ಚೆನ್ನಾಗಿ ಆಗಿದೆ" ಎಂದರು. "ಆದ್ರೆ ಒಂದು ಸಂಗತಿ ನೀವು ತಿಳ್ಕೊಳ್ಬೇಕು. ಜಠರವನ್ನು ಹೊರಗೆ ಎಳೆಯುವಾಗ ಇವಳ ಎದೆಬಡಿತ ನಿಧಾನ ಆಯ್ತು. ಮತ್ತೆ ನನ್ನ ಕಿವಿಗೆ ಕೇಳ್ಲೇ ಇಲ್ಲ. ಸರ್ಜನ್‌ಗೆ ಕೈ ತೆಗೀರಿ ಅಂದೆ, ತೆಗೆದ್ರು. ಎದೆ ಒತ್ತಿದೆ, ಔಷಧ ಕೊಟ್ಟೆ. ವಾಪಸ್ ಬಂತು. ಆದ್ರೆ ನೆತ್ತಿ ಬಡಿಯುದು ನನ್ನ ಬೆರಳಿಗೆ ಸಿಕ್ಕಲಿಕ್ಕೆ ಇನ್ನೂ ಸ್ವಲ್ಪ ಹೊತ್ತು ಹಿಡೀತು."

"ಎಷ್ಟು ಹೊತ್ತು?" ಎಂದರು ನಮ್ಮವರು.

"ಎರಡು ನಿಮಿಷ ಇರಬಹುದು. ಹೆಚ್ಚೂ ಇರಬಹುದು. ಆಗ ನಾನು ಗಡಿಯಾರ ನೋಡ್ಲಿಲ್ಲ."

ನಮ್ಮವರ ದನಿ ಗಡುಸಾಯಿತು. "ಎಲ್ಲ ಸರಿಯಾಗಿದೆ ಅಂದ್ರಲ್ಲ ಅವರು. ವಾಪಸ್ ಬಂತಲ್ಲ. ಮತ್ತೆ ಇದನ್ನ ನಮಗೆ ಯಾಕೆ ಹೇಳ್ತಿದೀರಿ?"

"ಎದೆ ವಾಪಸ್ ಬಂದದ್ದು ನನಗೆ ಗೊತ್ತುಂಟು. ತಲೆ ಬಂತಾ ಅಂತ ಗೊತ್ತಿಲ್ಲ. ಅದನ್ನು ಸರಿಯಾಗಿ ಹೇಳುವ ಯಂತ್ರ ನನ್ನ ಹತ್ತಿರ ಯಾವುದೂ ಇಲ್ಲ. ಮಗು ಬೆಳೀತಾ ಬೆಳೀತಾ ಅದೇ ಹೇಳ್ಬೇಕು. ನೀವು ನೋಡ್ತಾ ಇರಿ. ನಾನೂ ಬಂದು ನೋಡ್ತೇನೆ."

ಮಗು ಎಚ್ಚರಗೊಳ್ಳುವಾಗ ನಾವು ಮೂವರೂ ತೊಟ್ಟಿಲ ಸುತ್ತ ಇದ್ದೆವು. ಹುಬ್ಬು ಗಂಟಿಕ್ಕಿತು. ಆಕಳಿಸಿತು. ಆಮೇಲೆ ಎಡಗೈ ಮುಷ್ಟಿಯನ್ನು ಬಾಯಿಗೆ ತಂದುಕೊಂಡಿತು. ನಾನು ಡಾಕ್ಟರಮ್ಮನ ಮುಖ ನೋಡಿದೆ. ಅವರು ಮಗುವಿನ ಬಲಗೈಯನ್ನು ನೋಡುತ್ತಿದ್ದರು.

ಮನೆಗೆ ಕಳಿಸುವ ಮೊದಲು ಮಗುವನ್ನು ಇನ್ನೊಂದು ಕಟ್ಟಡಕ್ಕೆ ಕರೆದೊಯ್ದರು. ಅಲ್ಲಿ ಮೆದುಳಿನ ಅಲೆ ಬರೆಯುವ, ಕಪಾಟಿನಷ್ಟು ದೊಡ್ಡ ಯಂತ್ರ. ತಲೆಗೆ ಅಂಟು ಹಚ್ಚಿ ತಂತಿಗಳನ್ನು ಕೂರಿಸಿದರು. ಸಾಲು ಪೆನ್ನುಗಳು ಕಾಗದದ ಮೇಲೆ ಅಲೆ ಅಲೆಯಾಗಿ ಗೀಚಿದವು. ಡಾಕ್ಟರಮ್ಮ ಆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಅಲೆ ಉಂಟು. ಇಷ್ಟು ಸಣ್ಣ ಮಗುವಿನದ್ದರಲ್ಲಿ ಅದಕ್ಕಿಂತ ಹೆಚ್ಚು ಓದ್ಲಿಕ್ಕೆ ನಮಗೆ ಯಾರಿಗೂ ಬರುದಿಲ್ಲ" ಎಂದರು.

ಹೇಳಿದ ಹಾಗೆ ಎರ್ನಾಕುಲದ ನಮ್ಮ ಮನೆಗೆ ಬಂದರು. ಅವರ ಅಕ್ಕ ಅಲ್ಲೇ ವೈಟ್ಟಿಲದ ಕಡೆ ಇದ್ದರು. ಅಕ್ಕನ ಮನೆಗೆ ಬಂದವಳು ಹೀಗೇ ಬಂದೆ ಅನ್ನುತ್ತಿದ್ದರು. ಆದರೆ ಚೀಲದಲ್ಲಿ ಒಂದು ಸಣ್ಣ ಗಂಟೆ, ಒಂದು ಟಾರ್ಚು, ಒಂದು ಕೆಂಪು ಬಳೆ ತಪ್ಪದೆ ಇರುತ್ತಿದ್ದವು. ಕೈ ತೊಳೆದು, ಅಂಗೈ ಉಜ್ಜಿಕೊಂಡು, ಚಾಪೆಯ ಮೇಲೆ ಕಾಲು ಮಡಚಿ ಕೂರುವರು. ಮಗು ತಾನಾಗಿ ತಮ್ಮನ್ನು ನೋಡುವವರೆಗೂ ಮುಟ್ಟುತ್ತಿರಲಿಲ್ಲ. ಆಮೇಲೆ ಬಳೆಯನ್ನು ಈ ಕಡೆಯಿಂದ ಆ ಕಡೆಗೆ ನಿಧಾನವಾಗಿ ಆಡಿಸುವರು. ಕಿವಿಯ ಹಿಂದೆ ಗಂಟೆ ಅಲ್ಲಾಡಿಸುವರು. ಆ ಅರ್ಧ ಗಂಟೆ ನನಗೆ ಅಡಿಗೆಮನೆಯಲ್ಲಿ ಕೈಕಾಲು ಆಡುತ್ತಿರಲಿಲ್ಲ. ಮಗು ಗಂಟೆಯ ಕಡೆ ತಿರುಗಿತೇ, ತಡವಾಯಿತೇ, ತಿರುಗಲಿಲ್ಲವೇ? ಕೊನೆಗೆ "ನೋಡುವ" ಎಂದು ಎದ್ದು, ನಮ್ಮ ಮೈಸೂರು ಕಡೆಯ ಸಾರನ್ನು ಲೋಟದಲ್ಲಿ ಹಾಕಿಸಿಕೊಂಡು ಬಿಸಿಬಿಸಿ ಕುಡಿದು ಹೋಗುತ್ತಿದ್ದರು. "ನಮ್ಮ ಕಡೆ ತೆಂಗಿನಕಾಯಿ ಹಾಕದೆ ಎಂತದ್ದೂ ಮಾಡುದಿಲ್ಲ. ಇದು ಚಂದ ಉಂಟು" ಎನ್ನುವರು.

ಮಗಳು ನಗುವುದು ತಡವಾಯಿತು. ಕತ್ತು ನಿಲ್ಲುವುದೂ ತಡವಾಯಿತು. ಆ ತಿಂಗಳುಗಳಲ್ಲಿ ನಾನು ಬೀದಿಯಲ್ಲಿ ಬೇರೆಯವರ ಮಕ್ಕಳನ್ನು ಕಂಡರೆ ಮೊದಲು ವಯಸ್ಸು ಕೇಳುತ್ತಿದ್ದೆ. ರಾತ್ರಿ ಮಗು ನಿದ್ದೆಯಲ್ಲಿ ಬೆಚ್ಚಿದರೂ ನಾನು ಎದ್ದು ಕೂರುತ್ತಿದ್ದೆ. ಡಾಕ್ಟರಮ್ಮ ಹೇಳದೇ ಇದ್ದಿದ್ದರೆ ಎಲ್ಲ ತಾಯಂದಿರ ಹಾಗೆ ನಾನೂ ಮಗುವನ್ನು ಮುದ್ದಾಡಿಕೊಂಡು ಇರುತ್ತಿದ್ದೆನಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಏಳನೆಯ ತಿಂಗಳಿನಲ್ಲಿ ಒಂದು ಮಧ್ಯಾಹ್ನ ಅವರು ಬಂದಾಗ ಮಗಳು ಕೂತಿದ್ದಳು. ನನಗೆ ಹೆಮ್ಮೆ. ಬಳೆ ತೋರಿಸಿದರು. ಎಡಗೈ ಚಾಚಿ ಕಸಿದುಕೊಂಡಳು. ಬಳೆಯನ್ನು ಬಲಗಡೆ ಇಟ್ಟರು. ಮೈಯನ್ನೇ ತಿರುಗಿಸಿ ಮತ್ತೆ ಎಡಗೈಯಿಂದಲೇ ಎತ್ತಿಕೊಂಡಳು.

"ಎಡಚಿ ಆಗ್ತಾಳೇನೋ. ನಮ್ಮ ಮಾವನವರೂ ಹಾಗೇ ಇದ್ದರು" ಎಂದೆ.

ಡಾಕ್ಟರಮ್ಮ ಬಲಗೈ ಮುಷ್ಟಿಯನ್ನು ಮೆಲ್ಲನೆ ಬಿಡಿಸಿದರು. ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡಿತ್ತು. ಬಿಟ್ಟೊಡನೆ ಮತ್ತೆ ಮಡಚಿಕೊಂಡಿತು.

"ಈ ವಯಸ್ಸಿನಲ್ಲಿ ಮಕ್ಕಳಿಗೆ ಎಡಚ, ಬಲಚ ಇಲ್ಲ ಅಮ್ಮ" ಎಂದರು. "ಎರಡೂ ಕೈ ಬರ್ಬೇಕು. ಈ ಬಲಗೈಯಲ್ಲಿ ಶಕ್ತಿ ಕಮ್ಮಿ ಉಂಟು. ಕೈಯ ದೋಷ ಅಲ್ಲ ಅದು. ತಲೆಯಿಂದ ಬರುವ ಅಪ್ಪಣೆ ಸರಿಯಾಗಿ ಬರ್ತಾ ಇಲ್ಲ."

"ನೀವೇ ಮಾಡಿದ್ದು ಇದು" ಎಂದೆ.

"ಇರಬಹುದು."

"ಇರಬಹುದು ಅಂದ್ರೆ?"

"ಆ ಎರಡು ನಿಮಿಷದಿಂದ ಇರಬಹುದು. ಮೊದಲು ಅಷ್ಟು ದಿನ ನೀರಿಲ್ಲದೆ ಒಣಗಿದ್ದಕ್ಕೂ ಇರಬಹುದು. ನನಗೆ ಗೊತ್ತಿಲ್ಲ. ಯಾವತ್ತೂ ಗೊತ್ತಾಗುದಿಲ್ಲ. ಆದ್ರೆ ನಾನಲ್ಲ ಅಂತ ಹೇಳ್ಲಿಕ್ಕೆ ನನಗೆ ಆಗುದಿಲ್ಲ."

ಎದ್ದು ಹೋಗುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ನಾನು ಅಳುತ್ತಾ ಏನೇನೋ ಅಂದೆ. ಎಲ್ಲವನ್ನೂ ಬಲಗಿವಿ ಕೊಟ್ಟು ಕೇಳಿದರು. ನನ್ನ ಮಾತು ಮುಗಿದ ಮೇಲೆ ತೆಂಗಿನೆಣ್ಣೆ ತರಿಸಿ, ಮಗುವಿನ ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೀವುವುದು ಹೇಗೆ, ಆಟದ ಸಾಮಾನನ್ನು ಯಾವ ಕಡೆ ಇಡಬೇಕು, ಎರಡೂ ಕೈ ಬೇಕಾಗುವಂಥ ದೊಡ್ಡ ಚೆಂಡು ಯಾಕೆ ಕೊಡಬೇಕು ಎಂದು ತೋರಿಸಿದರು. "ದಿನಾ ಮಾಡಿ. ಕೈ ಪೂರ್ತಿ ಬಾರದಿದ್ರೂ ಅದು ತನ್ನದು ಅಂತ ಅವಳಿಗೆ ಮರೀಬಾರ್ದು" ಎಂದರು.

ಮುಂದಿನ ಸಲ ಅವರು ಬಂದಾಗ ನಾನು ಬಾಗಿಲು ತೆಗೆಯಲಿಲ್ಲ. ಕಿಟಕಿಯ ಸಂದಿಯಿಂದ ನೋಡಿದೆ. ಮೆಟ್ಟಿಲ ಮೇಲೆ ಕೂತು, ಚೀಲವನ್ನು ಪಕ್ಕದಲ್ಲಿಟ್ಟು, ಬೀದಿ ನೋಡುತ್ತಿದ್ದರು. ಚೇಚಿ ತನ್ನ ಮನೆಯಿಂದ ಕುರ್ಚಿ ತಂದು ಹಾಕಿ, ಚಹಾ ಕೊಟ್ಟು, ನಮ್ಮ ಬಾಗಿಲಿನ ಕಡೆ ಒಮ್ಮೆ ನೋಡಿ ಹೋದಳು. ಬಿಸಿಲು ಮೆಟ್ಟಿಲಿಂದ ಇಳಿದು ಅಂಗಳಕ್ಕೆ ಹೋಯಿತು. ಮಗಳು ಒಳಗಿನಿಂದ ಕೂಗಿಕೊಂಡಾಗ ಅವರು ತಲೆ ತಿರುಗಿಸಿ ಬಾಗಿಲನ್ನೇ ನೋಡಿದರು. ಬಡಿಯಲಿಲ್ಲ. ಕೊನೆಗೆ ನಾನೇ ಅಗುಳಿ ತೆಗೆದೆ. ಅವರು ಆ ವಿಷಯ ಎತ್ತದೆ, "ಕೈ ತೊಳೀಲಿಕ್ಕೆ ನೀರುಂಟಾ?" ಎಂದು ಒಳಗೆ ಬಂದರು.

ಮಗಳು ನಡೆದಳು, ಸ್ವಲ್ಪ ತಡವಾಗಿ. ಮಾತು ಬಂತು. ಆದರೆ ನಮ್ಮ ಕನ್ನಡಕ್ಕೆಲ್ಲ ಅವಳ ಉತ್ತರ ಚೇಚಿಯ ಮಲಯಾಳದಲ್ಲಿ. ಮಾತಾಡಿದಳು ಎಂದು ನಾನು ಹಿಗ್ಗಿದರೆ ಡಾಕ್ಟರಮ್ಮ ಹಿಗ್ಗಲಿಲ್ಲ. ಗಿಣಿಯೂ ಮಾತಾಡ್ತದೆ, ನೋಡುವ, ಎಂದರು. ಅವಳಿಗೆ ಮೂರು ವರ್ಷ ಕಳೆದ ಮೇಲೆ ಒಂದು ದಿನ ಎರಡು ಲೋಟಗಳನ್ನು ಬೋರಲು ಹಾಕಿ, ಗಂಟೆಯನ್ನು ಒಂದರ ಕೆಳಗೆ ಅಡಗಿಸಿ, "ಎಲ್ಲುಂಟು ಹೇಳು?" ಎಂದರು. ಮಗಳು ಲೋಟ ಮುಟ್ಟಲೇ ಇಲ್ಲ. ಅವರನ್ನು ಒಮ್ಮೆ ನೋಡಿ, ಬೇಸರದ ದನಿಯಲ್ಲಿ ಅಂದಳು:

"ಇದು ಕಳಿಞ್ಞ ತವಣ ಚೋದಿಚ್ಚದಲ್ಲೇ?"

ಇದನ್ನು ಹೋದ ಸಲವೇ ಕೇಳಿದಿರಲ್ಲ ಎಂದು. ಹೋದ ಸಲ ಬಂದು ಎಷ್ಟೋ ತಿಂಗಳಾಗಿತ್ತು. ನನಗೇ ಅದು ನೆನಪಿರಲಿಲ್ಲ. ಡಾಕ್ಟರಮ್ಮ ಲೋಟಗಳನ್ನು ನೆಟ್ಟಗೆ ಮಾಡಿಟ್ಟರು. ಮತ್ತೆ ಬೋರಲು ಹಾಕಿದರು. ಮತ್ತೆ ನೆಟ್ಟಗೆ ಮಾಡಿದರು. ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಾ, "ಬಂದಿದ್ದಾಳೆ ಅಮ್ಮ. ಇವಳು ಪೂರ್ತಿ ವಾಪಸ್ ಬಂದಿದ್ದಾಳೆ" ಎಂದರು. ಅವರ ಬಾಯಲ್ಲಿ "ನೋಡುವ" ಬಾರದೇ ಹೋದದ್ದು ಅದೊಂದೇ ಸಲ.

ಎಪ್ಪತ್ತರ ದಶಕದ ಮೊದಲಲ್ಲಿ ನಮಗೆ ತಿರುವನಂತಪುರಕ್ಕೇ ವರ್ಗವಾಯಿತು. ಆಮೇಲೆ ನಾನು ಅವರನ್ನು ಹತ್ತಿರದಿಂದ ಕಂಡೆ. ಮದುವೆಯಾಗಿರಲಿಲ್ಲ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ. ತಮ್ಮ ಕೈಕೆಳಗಿನ ಡಾಕ್ಟರುಗಳಿಗೆ ಅವರೆಂದರೆ ನಡುಕ. ಎಳೆಮಗು ಟೇಬಲ್ಲಿನ ಮೇಲಿರುವಾಗ ಯಾರಾದರೂ ಹಗುರವಾಗಿ ಮಾತಾಡಿದರೆ ಹೊರಗೆ ಕಳಿಸುತ್ತಿದ್ದರಂತೆ. ಒಬ್ಬರ ಬೆರಳು ನೆತ್ತಿಯ ಮೇಲೆ ಇರಲೇಬೇಕು, ಇನ್ನೊಬ್ಬರ ಕಣ್ಣು ಗಡಿಯಾರದ ಮೇಲೆ. ಒಮ್ಮೆ ಹಟ ಹಿಡಿದು ಆ ಪೆನ್ನಿನ ಯಂತ್ರವನ್ನೇ ಆಪರೇಷನ್ ಕೋಣೆಗೆ ತಳ್ಳಿಸಿಕೊಂಡು ಹೋದರು, ಮಲಗಿದ ಮಗುವಿನ ಮೆದುಳಿನ ಅಲೆಯನ್ನು ಆಗಲೇ ನೋಡಬೇಕೆಂದು. ಸರ್ಜನ್ ರಕ್ತ ನಿಲ್ಲಿಸಲು ವಿದ್ಯುತ್ತಿನ ಸಲಾಕೆ ಮುಟ್ಟಿಸಿದ್ದೇ ಪೆನ್ನುಗಳೆಲ್ಲ ಹುಚ್ಚೆದ್ದು ಹಾರಿ, ಗೋಡೆಗೆ, ಇವರ ಸೀರೆಗೆ ಶಾಯಿ ಎರಚಿದವಂತೆ. ಎಲ್ಲರೂ ನಕ್ಕರು. ನನಗೆ ಅದನ್ನು ಹೇಳುವಾಗ ಇವರು ನಗಲಿಲ್ಲ. "ಈಗ ಆಗ್ಲಿಲ್ಲ. ಮುಂದೆ ಯಾರಾದ್ರೂ ಮಾಡಿಯೇ ಮಾಡ್ತಾರೆ. ಅಲ್ಲಿವರೆಗೆ ಬೆರಳೇ ಗತಿ" ಎಂದರು.

ಅವರು ಹೋದದ್ದು ಆ ದಶಕದ ಕೊನೆಯಲ್ಲಿ. ಆಸ್ಪತ್ರೆಯಿಂದ ಬಂದು ಊಟಕ್ಕೆ ಕೂತವರು ಹಾಗೇ ಗೋಡೆಗೆ ಒರಗಿದರಂತೆ. ಸುದ್ದಿ ತಿಳಿದು ನಾನು ಮಗಳ ಜೊತೆ ಹೋದಾಗ ಅಂಗಳ ತುಂಬಿತ್ತು. ಡಾಕ್ಟರುಗಳು, ನರ್ಸುಗಳು ಒಂದು ಕಡೆ ನಿಂತಿದ್ದರು. ಇನ್ನೊಂದು ಕಡೆ, ಬೇಲಿಯ ಉದ್ದಕ್ಕೆ, ನಮ್ಮ ಹಾಗೆ ಮಕ್ಕಳನ್ನು ಕರೆತಂದವರು. ಸೀರೆ ಉಡುವಷ್ಟು ದೊಡ್ಡ ಹುಡುಗಿಯರು, ನಿಕ್ಕರಿನ ಹುಡುಗರು, ಕಂಕುಳಲ್ಲಿ ಕೂಸುಗಳು. ಒಬ್ಬರಿಗೊಬ್ಬರು ಗುರುತಿಲ್ಲ. ಪಕ್ಕದಲ್ಲಿದ್ದ ಹೆಂಗಸು ನನ್ನ ಮಗಳನ್ನು ನೋಡಿ ಮೆಲ್ಲಗೆ, "ನಿಮ್ಮವಳಿಗೆ ಯಾವ ಆಪರೇಷನ್?" ಎಂದು ಕೇಳಿದಳು. ಡಾಕ್ಟರಮ್ಮ ನಮ್ಮ ಮನೆಗೆ ಮಾತ್ರ ಬರುತ್ತಿದ್ದಾರೆಂದು ಇಷ್ಟು ವರ್ಷ ಅಂದುಕೊಂಡಿದ್ದೆ.

ಬೇಲಿಯ ಕೊನೆಯಲ್ಲಿ ಲುಂಗಿ ಉಟ್ಟ ಒಬ್ಬ ಮನುಷ್ಯ ಹದಿಮೂರು ಹದಿನಾಲ್ಕರ ಹುಡುಗನನ್ನು ಎರಡೂ ತೋಳಿನಲ್ಲಿ ಹೊತ್ತು ನಿಂತಿದ್ದ. ಹುಡುಗನ ಕೈಕಾಲು ಕೋಲಿನಂತೆ ಸೆಟೆದಿದ್ದವು. ಕತ್ತು ನಿಲ್ಲುತ್ತಿರಲಿಲ್ಲ. ಕಣ್ಣು ಯಾವುದನ್ನೂ ನೋಡುತ್ತಿರಲಿಲ್ಲ. ಮಗಳು ಓಡಿಹೋಗಿ ವರಾಂಡದಿಂದ ಒಂದು ಕುರ್ಚಿ ತಂದಳು. ಅವನು ಕೂತು ಮಗನ ತಲೆಯನ್ನು ಭುಜಕ್ಕೆ ಆನಿಸಿಕೊಂಡ. ಕೊಚ್ಚಿಯ ಕಡೆಯವನಂತೆ, ಬೆಳಗಿನ ಬಸ್ಸಿಗೆ ಬಂದಿದ್ದ. ಮಗನಿಗೆ ಹುಟ್ಟಿದ ಎರಡನೆಯ ದಿನವೇ ಆಪರೇಷನ್ ಆಗಿತ್ತು. ಅರಿವಳಿಕೆ ಕೊಟ್ಟವರು ಇವರೇ.

"ನಿಮ್ಮ ಮನೆಗೂ ಬರ್ತಿದ್ರಾ?" ಎಂದು ಕೇಳಿದೆ, ನನಗೆ ಬರುವಷ್ಟು ಮಲಯಾಳದಲ್ಲಿ.

"ಪ್ರತಿ ವರ್ಷವೂ" ಎಂದ. "ಬಂದಾಗಲೆಲ್ಲ ನಾನು ಜಗಳ ಆಡ್ತಿದ್ದೆ ಚೇಚಿ. ಕೆಟ್ಟ ಕೆಟ್ಟ ಮಾತು ಆಡ್ತಿದ್ದೆ. ಒಮ್ಮೆ ಅವರ ಚೀಲ ಎತ್ತಿ ಬೀದಿಗೆ ಎಸೆದೆ. ಹೋಗಿ ಹೆಕ್ಕಿಕೊಂಡು ಬಂದು ಮತ್ತೆ ಇವನ ಕಾಲು ನೀವಲಿಕ್ಕೆ ಕೂತರು. ಬೇರೆ ಯಾರೂ ನಮ್ಮ ಬಾಗಿಲಿಗೆ ಬರಲಿಲ್ಲ. ಬಂಧುಗಳೂ ಬರಲಿಲ್ಲ."

ಒಳಗಿನಿಂದ ಡಾಕ್ಟರಮ್ಮನನ್ನು ಹೊರಗೆ ತರುತ್ತಿದ್ದರು. ಜನ ಸರಿದು ದಾರಿ ಬಿಟ್ಟರು. ಅವನು ಮಗನನ್ನು ಎತ್ತಿಕೊಂಡು ಎದ್ದು ನಿಂತ. ನಾನು ಹುಡುಗನ ತಲೆ ಹಿಂದಕ್ಕೆ ಬೀಳದಂತೆ ಅಂಗೈ ಕೊಟ್ಟೆ.

"ಇನ್ನು ನಾನು ಯಾರ ಹತ್ತಿರ ಜಗಳ ಆಡಲಿ?" ಎಂದ.

ಅವರು ಗೇಟು ದಾಟಿ ಹೋಗುವವರೆಗೂ ಆ ಹುಡುಗನ ತಲೆಯನ್ನು ಹಿಡಿದುಕೊಂಡು ನಿಂತಿದ್ದೆ.